ಒಂದು ಜೀಪಿನ ಅಂಗವು ಇನ್ನೊಂದಕ್ಕೆ ಒಪ್ಪುವುದೇ?

ಮಲೆನಾಡಿನ ತೋಟಗಾರರ ಮನೆಗಳಲ್ಲಿ ತಂದೆಯ ಕಾಲದಿಂದ ಮಗನ ಕಾಲಕ್ಕೆ, ಮಗನ ಕಾಲದಿಂದ ಮೊಮ್ಮಗನ ಕಾಲಕ್ಕೆ ಕೈಯಿಂದ ಕೈಗೆ ಬಂದ ಆಸ್ತಿಗಳಲ್ಲಿ ಜೀಪು ಬಂಡಿಯೂ ಒಂದು. ರಸ್ತೆಯಿದ್ದರೂ ಸರಿ, ಇಲ್ಲದಿದ್ದರೂ ಸರಿ. ಹಳ್ಳವಾಗಲಿ ಕೆಸರಾಗಲಿ, ನಾಲ್ಕು ಚಕ್ರಗಳಿಂದಲೂ ನೆಲವನ್ನು ಹಿಡಿದು ಅದು ಏರುವುದು. ಮನುಷ್ಯನಾದರೆ ಅರುವತ್ತಕ್ಕೆ ಕೆಲಸದಿಂದ ನಿವೃತ್ತನಾಗುತ್ತಾನೆ. ಅರುವತ್ತನ್ನು ದಾಟಿದ ಜೀಪುಗಳು ಇಂದಿಗೂ ಗೊಬ್ಬರದ ಮೂಟೆಗಳನ್ನು ಹೊತ್ತು ಗುಡ್ಡವನ್ನೇರುವುದುಂಟು. ಈ ದೀರ್ಘಾಯುಸ್ಸಿನ ಗುಟ್ಟೇನು ಎಂದು ವಿಚಾರಿಸಿದರೆ, ಅವುಗಳ ಮೈಯಲ್ಲಿ ಹುಟ್ಟಿದಾಗಿನ ಅಂಗಗಳು ಉಳಿದಿರುವುದೇ ಸ್ವಲ್ಪ ಎಂಬುದು ತಿಳಿದುಬರುತ್ತದೆ. ಯುದ್ಧಕಾಲದ ಬಂಡಿಗೆ ಹತ್ತು ವರ್ಷ ಈಚಿನ ಬಂಡಿಯ ಯಂತ್ರ, ಅದಕ್ಕೆ ಇನ್ನೊಂದರ ಪಂಪು, ಮತ್ತೊಂದರ ಹಲ್ಲುಚಕ್ರ—ಹೀಗೆ ಹಲವು ಬಂಡಿಗಳ ಅಂಗಗಳು ಸೇರಿ ಒಂದು ಬಂಡಿಯಾಗಿ ಬದುಕುತ್ತಿರುತ್ತವೆ.

ಹಾಗಾದರೆ ಒಂದು ವರ್ಷದ ಮಾದರಿಯ ಅಂಗವು ಇನ್ನೊಂದು ವರ್ಷದ ಮಾದರಿಗೆ ಯಾವಾಗ ಒಪ್ಪುವುದು, ಯಾವಾಗ ಒಪ್ಪದು? ಒಪ್ಪದಿದ್ದರೆ ಏಕೆ ಒಪ್ಪದು? ಈ ಪ್ರಶ್ನೆಯು ಕೇವಲ ಮಿಸ್ತ್ರಿಗಳದ್ದೆಂದು ತಳ್ಳಿಬಿಡುವಂತಿಲ್ಲ. ಅದರ ಹಿಂದೆ ಯಂತ್ರಯುಗದ ಒಂದು ದೊಡ್ಡ ತತ್ತ್ವವಿದೆ. ಆ ತತ್ತ್ವವನ್ನು ಮರೆತುದರ ಫಲವನ್ನು ನಾವು ಒಂದು ಮಳೆಗಾಲದ ರಾತ್ರಿ ಕಣ್ಣಾರೆ ಕಂಡೆವು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ. ಮೊದಲು ತತ್ತ್ವವನ್ನು ನೋಡೋಣ.

ನಮ್ಮ ಹಳ್ಳಿಗಳಲ್ಲಿ ಬಡಗಿಯು ಎತ್ತಿನ ಗಾಡಿಯನ್ನು ಮಾಡುತ್ತಿದ್ದ ಬಗೆಯನ್ನು ನೆನೆದುಕೊಳ್ಳಿ. ಅವನು ಅಚ್ಚನ್ನು ಕೆತ್ತಿ, ಆ ಅಚ್ಚಿಗೆ ಹೊಂದುವಂತೆ ಗುಂಬವನ್ನು ಕೊರೆದು, ಆ ಗುಂಬಕ್ಕೆ ಹೊಂದುವಂತೆ ಅರಗಳನ್ನು ಬಡಿಯುತ್ತಿದ್ದನು. ಪ್ರತಿಯೊಂದು ಅಂಗವೂ ತನ್ನ ನೆರೆಯ ಅಂಗವನ್ನು ನೋಡಿ ಹುಟ್ಟಿದುದು. ಆದುದರಿಂದ ರಾಮಯ್ಯನ ಗಾಡಿಯ ಚಕ್ರವನ್ನು ಭೀಮಯ್ಯನ ಗಾಡಿಗೆ ಹಾಕಬೇಕಾದರೆ ಬಡಗಿಯು ಮತ್ತೆ ಉಳಿಯನ್ನು ಹಿಡಿಯಲೇಬೇಕಾಗಿತ್ತು. ಹಿಂದೆ ಯೂರೋಪಿನ ಕಮ್ಮಾರರು ಬಂದೂಕುಗಳನ್ನು ಮಾಡುತ್ತಿದ್ದುದೂ ಇದೇ ರೀತಿಯಲ್ಲಿಯೇ. ಒಂದು ಬಂದೂಕಿನ ಕುದುರೆಯು ಮುರಿದರೆ ಮತ್ತೊಂದು ಬಂದೂಕಿನ ಕುದುರೆಯನ್ನು ಅದಕ್ಕೆ ಹಾಕಲು ಅರವಿಲ್ಲದೆ ಸಾಗುತ್ತಿರಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಒನೊರೆ ಬ್ಲಾಂಕ್ ಎಂಬ ಶಿಲ್ಪಿಯು, ಅಂಗಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಹೊಂದಿಸುವುದನ್ನು ಬಿಟ್ಟು, ಎಲ್ಲವನ್ನೂ ಒಂದೇ ಅಳತೆಯ ಅಚ್ಚುಗಳಿಗೆ ಒಪ್ಪಿಸಿ ಮಾಡಬಹುದೆಂದು ತೋರಿಸಿಕೊಟ್ಟನು. ಅಂಗವು ಇನ್ನು ತನ್ನ ನೆರೆಯನ್ನು ನೋಡಿ ಹುಟ್ಟಬೇಕಾಗಿಲ್ಲ, ಒಂದು ಅಳತೆಯನ್ನು ನೋಡಿ ಹುಟ್ಟಿದರೆ ಸಾಕು ಎಂಬುದೇ ಆ ವಿಚಾರದ ತಿರುಳು.

ಮೋಟಾರು ಬಂಡಿಗಳಲ್ಲಿ ಈ ವಿಚಾರವು ಎಷ್ಟರಮಟ್ಟಿಗೆ ಸಿದ್ಧಿಸಿತೆಂಬುದಕ್ಕೆ 1908ರಲ್ಲಿ ಇಂಗ್ಲೆಂಡಿನ ಬ್ರುಕ್‌ಲ್ಯಾಂಡ್ಸ್ ಎಂಬಲ್ಲಿ ನಡೆದ ಪರೀಕ್ಷೆಯು ಪ್ರಸಿದ್ಧವಾದ ಸಾಕ್ಷಿಯಾಗಿದೆ. ಅಲ್ಲಿಯ ರಾಯಲ್ ಆಟೋಮೊಬೈಲ್ ಕ್ಲಬ್ಬಿನವರು ಅಮೆರಿಕದ ಮೂರು ಕ್ಯಾಡಿಲ್ಯಾಕ್ ಕಾರುಗಳನ್ನು ಸಂಪೂರ್ಣವಾಗಿ ಬಿಚ್ಚಿಸಿ, ಅಂಗಗಳನ್ನೆಲ್ಲ ಒಂದೇ ರಾಶಿಯಾಗಿ ಕಲಸಿಬಿಟ್ಟರು. ಅದು ಸಾಲದೆಂದು ಆ ರಾಶಿಯಿಂದ 89 ಅಂಗಗಳನ್ನು ತೆಗೆದಿರಿಸಿ, ಅವುಗಳಿಗೆ ಬದಲಾಗಿ ಮಾರಾಟಗಾರರ ಉಗ್ರಾಣದಿಂದ ಹೊಸವನ್ನು ತರಿಸಿ ಸೇರಿಸಿದರು. ಅನಂತರ ಅರವನ್ನು ಮುಟ್ಟದೆ ಬರಿಯ ಸ್ಪ್ಯಾನರು, ತಿರುಪುಳಿಗಳಿಂದ ಮೂರು ಕಾರುಗಳನ್ನು ಮತ್ತೆ ಜೋಡಿಸಲಾಯಿತು. ಅವು ಎದ್ದು ನಿಂತುದಷ್ಟೇ ಅಲ್ಲ, 500 ಮೈಲಿಗಳನ್ನೂ ಓಡಿ ಮುಗಿಸಿದುವು. ಕ್ಯಾಡಿಲ್ಯಾಕ್ ಸಂಸ್ಥೆಗೆ ಡ್ಯೂವರ್ ಪಾರಿತೋಷಕವು ದೊರೆತುದು ಈ ಸಾಧನೆಗಾಗಿಯೇ.

ಇನ್ನು ಜೀಪಿನ ಕಡೆಗೆ ತಿರುಗೋಣ. ಎರಡನೆಯ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಅಮೆರಿಕದ ಸೇನೆಯು ಹಗುರವಾದ, ನಾಲ್ಕು ಚಕ್ರಗಳಿಂದಲೂ ಎಳೆಯಬಲ್ಲ ಒಂದು ಬಂಡಿಯನ್ನು ಬಯಸಿತು. 1940ರಲ್ಲಿ ಬ್ಯಾಂಟಮ್ ಎಂಬ ಸಣ್ಣ ಸಂಸ್ಥೆಯು ಮೊದಲ ಮಾದರಿಯನ್ನು ಕಟ್ಟಿಕೊಟ್ಟಿತು. ಆದರೆ ಯಂತ್ರದ ಬಲದಲ್ಲಿ ವಿಲ್ಲಿಸ್ ಸಂಸ್ಥೆಯ ಬಂಡಿಯು ಮೇಲಾಯಿತು. ಆ ಸಂಸ್ಥೆಯ ಎಂಜಿನಿಯರಾದ ಡೆಲ್ಮರ್ ರೂಸ್ ಎಂಬವರು, ಮೊದಲು ಸುಮಾರು 48 ಕುದುರೆಶಕ್ತಿಯನ್ನು ಕೊಡುತ್ತಿದ್ದ ಒಂದು ಸಾಧಾರಣ ಯಂತ್ರವನ್ನು ತಿದ್ದಿ ತೀಡಿ 60 ಕುದುರೆಶಕ್ತಿಗೆ ಏರಿಸಿದ್ದರು. ಇದೇ ‘ಗೋ ಡೆವಿಲ್’ ಎಂದು ಹೆಸರಾದ ಯಂತ್ರ. ನಾಲ್ಕು ಸಿಲಿಂಡರುಗಳು, ಪ್ರತಿಯೊಂದರ ಬಾಯಿ 3 1/8 ಅಂಗುಲ, ಪಿಸ್ಟನ್ನಿನ ಓಡಾಟ 4 3/8 ಅಂಗುಲ, ಒಟ್ಟು ಒಳಗಾತ್ರ 134 ಘನ ಅಂಗುಲಗಳು, ಎಂದರೆ ಸುಮಾರು 2.2 ಲೀಟರು.

ಒಂದೇ ಕಾರ್ಖಾನೆಯಿಂದ ಸೇನೆಗೆ ಬೇಕಾದಷ್ಟು ಬಂಡಿಗಳು ಒದಗದೆ ಹೋದಾಗ, ಫೋರ್ಡ್ ಸಂಸ್ಥೆಗೂ ಅದೇ ನಕ್ಷೆಯನ್ನು ಕೊಟ್ಟು ಅದೇ ಬಂಡಿಯನ್ನು ಮಾಡಿಸಿದರು. ವಿಲ್ಲಿಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯೂ ಎಂಬ ಈ ಎರಡೂ ಸೇರಿ 1945ರ ಹೊತ್ತಿಗೆ ಆರು ಲಕ್ಷಕ್ಕೂ ಮೀರಿ ತಯಾರಾದುವು. ರಣರಂಗದಲ್ಲಿ ಒಂದರ ಮುರಿದ ಅಂಗಕ್ಕೆ ಇನ್ನೊಂದರ ಅಂಗವು ಪ್ರಶ್ನೆಯಿಲ್ಲದೆ ಒಪ್ಪಬೇಕೆಂಬುದೇ ಸೇನೆಯ ಉದ್ದೇಶವಾಗಿತ್ತು. ಫೋರ್ಡಿನವರು ತಮ್ಮ ಬೋಲ್ಟುಗಳ ತಲೆಯ ಮೇಲೆಯೂ ‘ಎಫ್’ ಎಂಬ ಅಕ್ಷರವನ್ನು ಒತ್ತುತ್ತಿದ್ದರು. ಹೆಸರು ಬೇರೆಯಾಗಿದ್ದರೂ ಅಳತೆಯು ಬೇರೆಯಾಗಿರಲಿಲ್ಲ.

ಯುದ್ಧವು ಮುಗಿಯಿತು. ಸೇನೆಗೆ ಬೇಡವಾದ ಜೀಪುಗಳು ಹರಾಜಿನಲ್ಲಿ ನಮ್ಮ ದೇಶದ ಜನರ ಕೈಗೂ ಬಂದುವು. 1945ರಿಂದ ವಿಲ್ಲಿಸ್ ಸಂಸ್ಥೆಯು ರೈತರಿಗಾಗಿ ಸಿಜೆ ಎಂಬ ಮಾದರಿಗಳನ್ನು ಹೊರಡಿಸಿತು. ಸ್ವಾತಂತ್ರ್ಯದ ಸುಮಾರಿನಲ್ಲಿ ಮುಂಬಯಿಯ ಮಹೀಂದ್ರ ಸಂಸ್ಥೆಯವರು ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ತೊಡಗಿ, ಕಾಲಕ್ರಮದಲ್ಲಿ ಸಿಜೆ-3ಬಿ ಮಾದರಿಯನ್ನು ಇಲ್ಲಿಯೇ ತಯಾರಿಸಿದರು. ಎತ್ತರವಾದ ಬಾನೆಟ್ಟುಳ್ಳ ಈ ಜೀಪನ್ನೇ ನಮ್ಮಲ್ಲಿ ಹೆಚ್ಚು ಜನರು ಕಂಡಿರುವುದು. ಹೀಗೆ ಒಂದೇ ವಂಶದ ಹಲವು ತಲೆಮಾರುಗಳು ಒಂದೇ ಊರಿನಲ್ಲಿ ಕಲೆತುವು. ಗುಜರಿಯ ಅಂಗಡಿಯಲ್ಲಿ ಅವುಗಳ ಅಂಗಗಳೂ ಕಲೆತುವು. ತೊಡಕು ಹುಟ್ಟಿದುದು ಇಲ್ಲಿಯೇ. ಒಂದೇ ಕಾಲದಲ್ಲಿ ಒಂದೇ ನಕ್ಷೆಯಿಂದ ಹುಟ್ಟಿದ ಎರಡು ಬಂಡಿಗಳು ಅಂಗಗಳನ್ನು ಹಂಚಿಕೊಳ್ಳುವುದು ಒಂದು ಮಾತು. ನಡುವೆ ನಕ್ಷೆಯನ್ನೇ ತಿದ್ದಿದ ಮೇಲೆ ಅಣ್ಣನ ಅಂಗವನ್ನು ತಮ್ಮನಿಗೆ ಕೂಡಿಸುವುದು ಬೇರೆಯ ಮಾತು.

ನಮ್ಮ ವೈಯಾಕರಣರು ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಸಮಾಸ ಮಾಡುವುದನ್ನು ಅರಿಸಮಾಸವೆಂದು ಕರೆದು ದೋಷವೆಂದರು. ಆದರೂ ಪೂರ್ವಕವಿಗಳ ಪ್ರಯೋಗದಲ್ಲಿ ನೆಲೆಗೊಂಡ ಕೆಲವನ್ನು ಒಪ್ಪಿಕೊಂಡರು. ಜೀಪಿನ ವಿಷಯದಲ್ಲಿಯೂ ಅರಿಸಮಾಸಗಳುಂಟು. ಯಾವುದು ದೋಷ, ಯಾವುದು ಒಪ್ಪಿತವೆಂಬುದನ್ನು ನಿಶ್ಚಯಿಸಲು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕೆಂದು ನಮಗೆ ತೋರುತ್ತದೆ. ಅಂಗವು ಅಳತೆಯಲ್ಲಿ ಒಪ್ಪುವುದೇ? ಚಲನೆಯಲ್ಲಿ ಒಪ್ಪುವುದೇ? ಅದರ ಬಲವನ್ನು ನೆರೆಯ ಅಂಗಗಳು ತಾಳಿಕೊಳ್ಳುವುವೇ?

ಮೊದಲನೆಯದು ಅಳತೆ. 1950ರಲ್ಲಿ ವಿಲ್ಲಿಸ್ ಸಂಸ್ಥೆಯು ‘ಹರಿಕೇನ್’ ಎಂಬ ಹೊಸ ಯಂತ್ರವನ್ನು ಹೊರತಂದಿತು. 1953ರ ಸಿಜೆ-3ಬಿ ಜೀಪಿಗೆ ಇದೇ ಯಂತ್ರ. ಇದರ ಸಿಲಿಂಡರಿನ ಬಾಯಿಯೂ ಪಿಸ್ಟನ್ನಿನ ಓಡಾಟವೂ ಹಳೆಯ ಗೋ ಡೆವಿಲ್ ಯಂತ್ರದವೇ. ಇಷ್ಟನ್ನು ಕೇಳಿದವರು ಎರಡೂ ಒಂದೇ ಎಂದುಕೊಳ್ಳಬಹುದು. ಆದರೆ ಭೇದವಿರುವುದು ವಾಲ್ವುಗಳಲ್ಲಿ. ಹಳೆಯ ಯಂತ್ರದಲ್ಲಿ ಪೆಟ್ರೋಲು-ಗಾಳಿಗಳನ್ನು ಒಳಕ್ಕೆ ಬಿಡುವ ವಾಲ್ವು, ಹೊಗೆಯನ್ನು ಹೊರಕ್ಕೆ ಬಿಡುವ ವಾಲ್ವು ಎರಡೂ ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕು ಎಂಬ ಎರಕದ ಗಟ್ಟಿಯಲ್ಲಿಯೇ ಇರುತ್ತವೆ. ಮೇಲಿರುವ ಹೆಡ್ಡು ಬಹುಮಟ್ಟಿಗೆ ಪಾತ್ರೆಯ ಮುಚ್ಚಳವಿದ್ದಂತೆ. ಹೊಸ ಯಂತ್ರದಲ್ಲಾದರೋ ಒಳಕ್ಕೆ ಬಿಡುವ ವಾಲ್ವನ್ನು ಮೇಲಕ್ಕೆ, ಹೆಡ್ಡಿನೊಳಕ್ಕೆ ಸಾಗಿಸಿ, ಅದನ್ನು ದೊಡ್ಡದು ಮಾಡಿದರು. ಉಸಿರಾಟವು ಸುಲಭವಾಯಿತು, 60 ಇದ್ದ ಕುದುರೆಶಕ್ತಿಯು 75ರ ಸಮೀಪಕ್ಕೆ ಬಂದಿತು.

ಹೀಗಿರುವುದರಿಂದ ಹೊಸ ಹೆಡ್ಡನ್ನು ಹಳೆಯ ಬ್ಲಾಕಿನ ಮೇಲೆ ಕೂರಿಸಿ ಬಲವನ್ನು ಹೆಚ್ಚಿಸಿಕೊಳ್ಳುತ್ತೇವೆಂಬುದು ಆಗದ ಮಾತು. ಬ್ಲಾಕಿನಲ್ಲಿ ವಾಲ್ವುಗಳ ಮನೆಗಳೇ ಬೇರೆ. ಬದಲಿಸುವುದಾದರೆ ಇಡೀ ಯಂತ್ರವನ್ನೇ ಬದಲಿಸಬೇಕು. ಅದಕ್ಕೂ ಒಂದು ಅಡ್ಡಿಯುಂಟು. ವಾಲ್ವು ಮೇಲೇರಿದುದರಿಂದ ಯಂತ್ರವು ಎತ್ತರವಾಯಿತು. ಕಾರ್ಬ್ಯುರೇಟರು ಹೆಡ್ಡಿನ ಮೇಲೆಯೇ ಕುಳಿತಿತು. ಸಿಜೆ-3ಬಿ ಜೀಪಿನ ಬಾನೆಟ್ಟು ಅಷ್ಟು ಎತ್ತರವಾಗಿರುವುದು ಅಂದಕ್ಕಾಗಿ ಅಲ್ಲ, ಈ ಯಂತ್ರಕ್ಕೆ ತಲೆಯೆತ್ತಲು ಎಡೆಯಿರಲೆಂದು. ಯುದ್ಧಕಾಲದ ಜೀಪಿಗೆ ಇದನ್ನು ಹಾಕಿದವರು ಬಾನೆಟ್ಟಿಗೆ ತೂತನ್ನು ಕೊರೆದೋ, ಸಿಜೆ-3ಬಿಯ ಬಾನೆಟ್ಟನ್ನೇ ತಂದು ಹೊದಿಸಿಯೋ ಕೆಲಸವನ್ನು ನಡೆಸಿಕೊಂಡಿದ್ದಾರೆ. ಹುಡುಗನಿಗೆ ಅಂಗಿ ಗಿಡ್ಡವಾದರೆ ಅಂಗಿಯನ್ನು ಬದಲಿಸಬೇಕಲ್ಲದೆ ಬೇರೆ ದಾರಿಯೇನಿದೆ?

ಎರಡನೆಯದು ಚಲನೆ. ಅಳತೆಯ ತಪ್ಪು ಕಣ್ಣಿಗಾದರೂ ಬೀಳುವುದು; ಚಲನೆಯ ತಪ್ಪು ಯಂತ್ರವು ತಿರುಗಿದ ಮೇಲಷ್ಟೇ ತಿಳಿಯುವುದು. ಯಂತ್ರದೊಳಗೆ ಪಿಸ್ಟನ್ನುಗಳ ಏರಿಳಿತವನ್ನು ತಿರುಗುವಿಕೆಯಾಗಿ ಮಾರ್ಪಡಿಸುವುದು ಕ್ರ್ಯಾಂಕ್ ಶಾಫ್ಟು. ವಾಲ್ವುಗಳನ್ನು ಹೊತ್ತುಹೊತ್ತಿಗೆ ಎತ್ತಿಳಿಸುವುದು ಕ್ಯಾಮ್ ಶಾಫ್ಟು. ಮೊದಲನೆಯದು ಎರಡು ಸುತ್ತು ತಿರುಗಿದರೆ ಎರಡನೆಯದು ಒಂದು ಸುತ್ತು ತಿರುಗಬೇಕು. ಈ ತಾಳವನ್ನು ಕಾಯುವುದಕ್ಕೆ ಎರಡಕ್ಕೂ ನಡುವೆ ಒಂದು ಕೊಂಡಿಯು ಬೇಕು.

ಯುದ್ಧಕಾಲದ ಜೀಪಿನಲ್ಲಿ ಈ ಕೊಂಡಿಯು ಒಂದು ಸರಪಣಿ. ಬೈಸಿಕಲ್ಲನ್ನು ನೋಡಿ: ಸರಪಣಿಯಿಂದ ಕೂಡಿದ ಮುಂದಿನ ಹಲ್ಲುಚಕ್ರವೂ ಹಿಂದಿನ ಹಲ್ಲುಚಕ್ರವೂ ಒಂದೇ ದಿಕ್ಕಿಗೆ ತಿರುಗುತ್ತವೆ. ಜೀಪಿನಲ್ಲಿಯೂ ಹಾಗೆಯೇ. ಆದರೆ 1946ರಲ್ಲಿ ಸಿಜೆ-2ಎ ಜೀಪಿನ ತಯಾರಿಕೆಯು ನಡೆಯುತ್ತಿದ್ದಾಗಲೇ ವಿಲ್ಲಿಸಿನವರು ಸರಪಣಿಯನ್ನು ಬಿಟ್ಟು, ಎರಡು ಹಲ್ಲುಚಕ್ರಗಳನ್ನು ನೇರವಾಗಿ ಒಂದಕ್ಕೊಂದು ಕಚ್ಚಿಸಿದರು. ಕಬ್ಬಿನ ಗಾಣದ ಉರುಳೆಗಳನ್ನು ಕಂಡವರಿಗೆ ಇದರ ಪರಿಣಾಮವು ಕೂಡಲೇ ಹೊಳೆಯುವುದು: ಒಂದು ಬಲಕ್ಕೆ ತಿರುಗಿದರೆ ಅದಕ್ಕೆ ತಾಗಿದ ಇನ್ನೊಂದು ಎಡಕ್ಕೆ ತಿರುಗಲೇಬೇಕು. ಎಂದರೆ, ಹೊರಗಿನಿಂದ ಅದೇ ಯಂತ್ರ, ಅದೇ ಹೆಸರು, ಅದೇ ಅಳತೆ. ಒಳಗೆ ಮಾತ್ರ ಕ್ಯಾಮ್ ಶಾಫ್ಟು ಹಿಂದಿಗಿಂತ ವಿರುದ್ಧವಾಗಿ ತಿರುಗುತ್ತದೆ.

ಈಗ ಸರಪಣಿಯ ಕಾಲದ ಕ್ಯಾಮ್ ಶಾಫ್ಟನ್ನು ತಂದು ಹಲ್ಲುಚಕ್ರದ ಯಂತ್ರದಲ್ಲಿ ಇಟ್ಟೆವೆಂದು ಭಾವಿಸೋಣ. ಈ ಯಂತ್ರದಲ್ಲಿ ಸಿಲಿಂಡರುಗಳು ಉರಿಯುವ ಕ್ರಮವು ಒಂದು, ಮೂರು, ನಾಲ್ಕು, ಎರಡು. ಕ್ಯಾಮ್ ಶಾಫ್ಟು ತಿರುಗುಮುರುಗಾದರೆ ವಾಲ್ವುಗಳು ಏಳುವ ಕ್ರಮವು ಒಂದು, ಎರಡು, ನಾಲ್ಕು, ಮೂರು ಎಂದಾಗುವುದು. ಅಷ್ಟೇ ಅಲ್ಲ, ಪ್ರತಿ ಸಿಲಿಂಡರಿನಲ್ಲಿಯೂ ಮೊದಲು ಹೊಗೆಯನ್ನು ಬಿಟ್ಟು ಆಮೇಲೆ ಉಸಿರನ್ನು ಎಳೆಯಬೇಕಾದುದು ಹಿಂದುಮುಂದಾಗುವುದು. ಅಂಥ ಯಂತ್ರವು ಹೊತ್ತಿಕೊಳ್ಳುವುದಾದರೂ ಹೇಗೆ?

ಕ್ಯಾಮ್ ಶಾಫ್ಟಿನ ಸಂಗಾತಿಯಾದ ಆಯಿಲ್ ಪಂಪಿನ ವಿಷಯವು ಇನ್ನೂ ಸೂಕ್ಷ್ಮವಾದುದು. ಎಣ್ಣೆಯನ್ನು ಎಲ್ಲ ಕಡೆಗೂ ಒತ್ತುವ ಈ ಪಂಪನ್ನು ತಿರುಗಿಸುವುದು ಕ್ಯಾಮ್ ಶಾಫ್ಟಿನ ಮೇಲಿರುವ ಓರೆಹಲ್ಲುಗಳು. ಆ ಪಂಪಿನ ತುದಿಯೇ ಮುಂದೆ, ಪ್ಲಗ್ಗುಗಳಿಗೆ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರನ್ನೂ ತಿರುಗಿಸುತ್ತದೆ. ಕ್ಯಾಮ್ ಶಾಫ್ಟಿನ ದಿಕ್ಕು ಬದಲಾದರೂ ಡಿಸ್ಟ್ರಿಬ್ಯೂಟರು ಹಿಂದಿನ ದಿಕ್ಕಿಗೇ ತಿರುಗಬೇಕಾದುದರಿಂದ, ಹಲ್ಲುಗಳ ಓರೆಯನ್ನೇ ವಿರುದ್ಧವಾಗಿ ಕತ್ತರಿಸಿದರು. ಹೀಗಾಗಿ ಸರಪಣಿಯ ಯಂತ್ರದ ಪಂಪು ಹಲ್ಲುಚಕ್ರದ ಯಂತ್ರಕ್ಕೆ ಆಗದು. ಅದರದು ಇದಕ್ಕೆ ಆಗದು. ಸರಪಣಿಯಿಂದ ಹಲ್ಲುಚಕ್ರಕ್ಕೆ ಬದಲಾಯಿಸಲೇಬೇಕಾದರೆ ಎರಡು ಹಲ್ಲುಚಕ್ರಗಳು, ಕ್ಯಾಮ್ ಶಾಫ್ಟು, ಆಯಿಲ್ ಪಂಪು ಇವೆಲ್ಲವೂ ಒಂದೇ ಮನೆಯವರಂತೆ ಒಟ್ಟಿಗೆ ಬರಬೇಕು. ಹಲ್ಲುಗಳ ಮೇಲೆ ಎಣ್ಣೆಯನ್ನು ಚಿಮ್ಮಿಸುವ ಏರ್ಪಾಟೂ ಇರಬೇಕು. ಒಬ್ಬರನ್ನು ಬಿಟ್ಟು ಒಬ್ಬರು ಬಂದರೆ ಸಂಸಾರವು ನಡೆಯದು.

ಮೂರನೆಯದು ನೆರೆಯವರ ತಾಳಿಕೆ. ಯುದ್ಧಕಾಲದ ಜೀಪಿನ ವಿದ್ಯುತ್ತಿನ ಏರ್ಪಾಟು 6 ವೋಲ್ಟಿನದು. 1950ರಲ್ಲಿ ಸೇನೆಗಾಗಿ ಮಾಡಿದ ಎಂ-38 ಎಂಬ ಜೀಪಿನದು 24 ವೋಲ್ಟು. ಆಮೇಲಿನ ನಾಗರಿಕ ಜೀಪುಗಳು 12 ವೋಲ್ಟಿಗೆ ಬಂದುವು. 6 ವೋಲ್ಟಿನ ದೀಪವನ್ನೋ ಕಾಯಿಲನ್ನೋ 12 ವೋಲ್ಟಿಗೆ ಕೊಟ್ಟರೆ ಅದು ಸುಟ್ಟುಹೋಗುವುದೆಂದು ಯಾರಾದರೂ ಹೇಳಬಲ್ಲರು. ಅಷ್ಟು ಸುಲಭವಾಗಿ ಹೊಳೆಯದ ಸಂಗತಿಯೆಂದರೆ, ವೋಲ್ಟು ಬದಲಾದಾಗ ಕಬ್ಬಿಣವೂ ಬದಲಾಯಿತು ಎಂಬುದು. ಯುದ್ಧಕಾಲದ ಜೀಪಿನ ಫ್ಲೈವೀಲಿನ ಅಂಚಿನಲ್ಲಿರುವ ಹಲ್ಲುಗಳು 97. ಮುಂದಿನ 12 ವೋಲ್ಟಿನ ಜೀಪುಗಳಲ್ಲಿ 129. ಹಲ್ಲುಗಳು ಹೆಚ್ಚಿದಂತೆ ಒಂದೊಂದು ಹಲ್ಲೂ ಸಣ್ಣದಾಗುವುದಷ್ಟೆ. ಆದುದರಿಂದ ಹೊಸ ಸ್ಟಾರ್ಟರು ಮೋಟಾರನ್ನು ಹಳೆಯ ಫ್ಲೈವೀಲಿಗೆ ಜೊತೆಮಾಡಿದರೆ ಅದು ಕಚ್ಚಿಕೊಳ್ಳದೆ ಹಲ್ಲುಗಳನ್ನು ಅರೆದುಹಾಕುವುದು.

ಬಲದ ವಿಷಯವೂ ಹೀಗೆಯೇ. 60 ಕುದುರೆಶಕ್ತಿಯನ್ನು ಲೆಕ್ಕದಲ್ಲಿಟ್ಟು ಮಾಡಿದ ಯುದ್ಧಕಾಲದ ಗೇರುಪೆಟ್ಟಿಗೆಯು ಹಗುರವಾದುದು. ವಿಲ್ಲಿಸಿನವರೇ ಸಿಜೆ-2ಎ ಜೀಪಿಗೆ ಅದನ್ನು ಬಿಟ್ಟು ಇನ್ನೂ ಗಟ್ಟಿಯಾದುದನ್ನು ಹಾಕಿದರು. 75 ಕುದುರೆಶಕ್ತಿಯ ಯಂತ್ರವನ್ನು ಆ ಹಳೆಯ ಪೆಟ್ಟಿಗೆಗೆ ಕೂಡಿಸಿ ಅದಕ್ಕೆ ಬಂಡೆಯನ್ನು ಎಳೆಯಲು ಹೇಳಿದರೆ ಮುರಿಯುವುದು ಯಂತ್ರವಲ್ಲ, ಪೆಟ್ಟಿಗೆ. ಬ್ರೇಕುಗಳೂ ಹಳೆಯ ವೇಗಕ್ಕೆ ತಕ್ಕಂತೆ ಮಾಡಿದವು. ಓಡಿಸುವ ಬಲವನ್ನು ಹೆಚ್ಚಿಸಿದವರು ನಿಲ್ಲಿಸುವ ಬಲವನ್ನೂ ಯೋಚಿಸಬೇಕು. ಇದಕ್ಕೆ ಸರ್ಕಾರದ ನಿಯಮವೂ ಉಂಟು. ಯಂತ್ರದ ಸಂಖ್ಯೆಯು ಬಂಡಿಯ ನೋಂದಣಿ ಪತ್ರದಲ್ಲಿ ದಾಖಲಾಗಿರುವುದರಿಂದ, ಯಂತ್ರವನ್ನು ಬದಲಿಸುವವರು 1988ರ ಮೋಟಾರು ವಾಹನಗಳ ಕಾಯಿದೆಯಂತೆ ನೋಂದಣಿಯ ಅಧಿಕಾರಿಗಳ ಒಪ್ಪಿಗೆಯನ್ನು ಪಡೆಯತಕ್ಕದ್ದು.

ಇನ್ನು ನಾವು ಕಂಡ ಸಂಗತಿಯನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ, ಆಷಾಢ ಮಾಸದಲ್ಲಿ, ಘಟ್ಟದ ಸೆರಗಿನಲ್ಲಿ ಕಾಫಿ ತೋಟವಿರುವ ಮಿತ್ರರೊಬ್ಬರ ಮನೆಯಲ್ಲಿ ನಾವು ತಂಗಿದ್ದೆವು. ಅವರ ತಂದೆಯವರು ಕೊಂಡ ಹರಿಕೇನ್ ಯಂತ್ರದ ಜೀಪು ಆಗತಾನೇ ಪಟ್ಟಣದ ಒಂದು ಕಾರ್ಖಾನೆಯಲ್ಲಿ ದುರಸ್ತಿಯಾಗಿ ಬಂದಿತ್ತು. ಯಂತ್ರದಲ್ಲಿ ಒಂದು ಸಣ್ಣ ತಟತಟ ಸದ್ದು ಇತ್ತು. ‘ಹೊಸ ಬೇರಿಂಗು, ಓಡಿದಂತೆ ಕೂಡಿಕೊಳ್ಳುತ್ತದೆ’ ಎಂದು ಕಾರ್ಖಾನೆಯವರು ಸಮಾಧಾನ ಹೇಳಿ ಕಳುಹಿಸಿದ್ದರು. ಮೂರನೆಯ ದಿನದ ಸಂಜೆ ತೋಟದ ರೈಟರ ಆರು ವರ್ಷದ ಮಗಳಿಗೆ ಜ್ವರವೇರಿ ಕಣ್ಣು ಮೇಲೆ ಸಿಕ್ಕಿತು. ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು, ತಾಯಿತಂದೆಗಳೊಡನೆ ನಾವೂ ಜೀಪನ್ನು ಹತ್ತಿದೆವು. ಘಟ್ಟದ ಮೂರನೆಯ ತಿರುವಿನಲ್ಲಿ ಆ ತಟತಟ ಸದ್ದು ಸುತ್ತಿಗೆಯ ಪೆಟ್ಟಾಯಿತು. ಎಣ್ಣೆಯ ಒತ್ತಡವನ್ನು ತೋರಿಸುವ ಮುಳ್ಳು ಸೊನ್ನೆಗೆ ಇಳಿಯಿತು. ಒಂದು ದೊಡ್ಡ ಸದ್ದಾಗಿ ಯಂತ್ರವು ನಿಂತುಹೋಯಿತು.

ಆ ಕಾಡಿನಲ್ಲಿ ಫೋನಿಗೆ ಜೀವವಿರಲಿಲ್ಲ. ಮಳೆಯು ಒಂದೇ ಸಮನೆ ಸುರಿಯುತ್ತಿತ್ತು. ತಾಯಿಯು ಮಗುವಿನ ಹಣೆಗೆ ಸೆರಗನ್ನು ಒತ್ತಿಕೊಂಡು ಒಂದು ಮಾತನ್ನೂ ಆಡದೆ ಕುಳಿತಿದ್ದಳು. ಹಾಗೆ ಎಷ್ಟು ಹೊತ್ತು ಕಳೆದೆವೋ ನಮಗೆ ಲೆಕ್ಕವಿಲ್ಲ. ಕೊನೆಗೆ ಮೇಲಿನಿಂದ ಇಳಿದುಬಂದ ಒಂದು ಮರದ ಲಾರಿಯವನು ನಮ್ಮ ಅವಸ್ಥೆಯನ್ನು ಕಂಡು, ಅವರನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿದನು. ಮಗುವು ಉಳಿಯಿತು. ಅದು ಲಾರಿಯವನ ಪುಣ್ಯ, ನಮ್ಮ ಜಾಣತನವಲ್ಲ.

ಜೀಪನ್ನು ಎಳೆಸಿಕೊಂಡು ಬಂದು ಒಬ್ಬ ಹಿರಿಯ ಮಿಸ್ತ್ರಿಗಳಿಗೆ ಒಪ್ಪಿಸಿದರು. ಅವರು ಬಿಚ್ಚುತ್ತಿದ್ದಾಗ ನಾವು ಪಕ್ಕದಲ್ಲಿದ್ದೆವು. ಬೇರಿಂಗಿನ ಚಿಪ್ಪನ್ನು ತೆಗೆದು, ಬೆನ್ನನ್ನು ಒರಸಿ ನೋಡಿ, ‘ನೋಡಿ ಸ್ವಾಮಿ, ಇದು ಸ್ಟ್ಯಾಂಡರ್ಡು’ ಎಂದರು. ಅನಂತರ ಕ್ರ್ಯಾಂಕ್ ಶಾಫ್ಟಿನ ಸವೆಯದೆ ಉಳಿದ ಭಾಗವನ್ನು ಮೈಕ್ರೋಮೀಟರಿನಿಂದ ಅಳೆದು, ‘ಇದು ಹತ್ತು’ ಎಂದರು. ಆ ಎರಡು ಮಾತುಗಳಲ್ಲಿ ಇಡೀ ಅನಾಹುತದ ಕಥೆಯಿತ್ತು.

ಅದರ ವಿವರವಿಷ್ಟು. ಕ್ರ್ಯಾಂಕ್ ಶಾಫ್ಟು ಸವೆದಾಗ ಅದನ್ನು ಎಸೆಯುವುದಿಲ್ಲ. ಸಾಣೆ ಹಿಡಿದು ನುಣುಪು ಮಾಡುತ್ತಾರೆ. ಮೊದಲ ಸಲ ಒಂದು ಅಂಗುಲದ ಸಾವಿರದಲ್ಲಿ ಹತ್ತು ಭಾಗದಷ್ಟು, ಎರಡನೆಯ ಸಲ ಇಪ್ಪತ್ತು, ಮೂರನೆಯ ಸಲ ಮೂವತ್ತು. ಶಾಫ್ಟು ತೆಳುವಾದಷ್ಟೂ ಬೇರಿಂಗಿನ ಚಿಪ್ಪು ದಪ್ಪನಾಗಿರಬೇಕು. ಅದಕ್ಕಾಗಿಯೇ ಹತ್ತು, ಇಪ್ಪತ್ತು ಎಂದು ಬೆನ್ನಿನ ಮೇಲೆ ಗುರುತುಳ್ಳ ಚಿಪ್ಪುಗಳು ದೊರೆಯುತ್ತವೆ. ಮಿತ್ರರ ಜೀಪಿನ ಶಾಫ್ಟನ್ನು ಅವರ ತಂದೆಯ ಕಾಲದಲ್ಲಿಯೇ ಒಮ್ಮೆ ಸಾಣೆ ಹಿಡಿಸಿದ್ದರು. ಅದು ಯಾರ ನೆನಪಿನಲ್ಲಿಯೂ ಇರಲಿಲ್ಲ, ಎಲ್ಲಿಯೂ ಬರೆದಿಟ್ಟಿರಲಿಲ್ಲ. ಪಟ್ಟಣದ ಕಾರ್ಖಾನೆಯವರು ಬಂಡಿಯ ಮಾದರಿಯನ್ನು ನೋಡಿದರು, ಪಟ್ಟಿಯಲ್ಲಿ ಆ ಮಾದರಿಗೆ ಹೇಳಿದ ಬೇರಿಂಗನ್ನು ತರಿಸಿದರು, ಅಳೆಯದೆ ಹಾಕಿದರು. ಶಾಫ್ಟಿಗೂ ಚಿಪ್ಪಿಗೂ ನಡುವೆ ಒಂದೆರಡು ಸಾವಿರದಂಶವಿರಬೇಕಾದ ಎಡೆಯು ಹನ್ನೆರಡಾಯಿತು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು ಮೂರು ಸಾವಿರದಂಶ. ನಾಲ್ಕು ಕೂದಲಿನ ಎಡೆಯಲ್ಲಿ ಎಣ್ಣೆಯೆಲ್ಲ ಸೋರಿಹೋಗಿ, ಲೋಹವು ಲೋಹವನ್ನು ಬಡಿದು, ಘಟ್ಟದ ಏರಿನಲ್ಲಿ ಒಂದು ಮಗುವಿನ ಪ್ರಾಣವು ತೂಗಾಡಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಆ ಅಂಗವು ಬೇರೆ ಮಾದರಿಯದಲ್ಲ. ಅದೇ ಮಾದರಿಗೆಂದು ಪಟ್ಟಿಯಲ್ಲಿ ಹೇಳಿದುದೇ. ಆದರೂ ಒಪ್ಪಲಿಲ್ಲ. ಏಕೆಂದರೆ ಒಂದು ಸಲ ಸಾಣೆ ಹಿಡಿದ ಶಾಫ್ಟು ಕಾರ್ಖಾನೆಯ ನಕ್ಷೆಯನ್ನು ಬಿಟ್ಟು ತನ್ನದೇ ಆದ ಚರಿತ್ರೆಯನ್ನು ಹಿಡಿದಿರುತ್ತದೆ. ಹಳೆಯ ಬಂಡಿಯು ಇಷ್ಟುಮಟ್ಟಿಗೆ ಮತ್ತೆ ಬಡಗಿಯ ಗಾಡಿಯಾಗಿಬಿಡುತ್ತದೆ: ಮಾದರಿಯ ಹೆಸರನ್ನು ಕೇಳಿದರೆ ಸಾಲದು, ಮುಂದಿರುವ ಅಂಗವನ್ನೇ ಅಳೆದು ನೋಡಬೇಕಾಗುತ್ತದೆ.

ದುರಸ್ತಿಯು ನಡೆಯುತ್ತಿದ್ದಾಗ ಇನ್ನೊಂದು ಪ್ರಸಂಗವು ಒದಗಿತು. ಪಂಪೂ ಕೆಟ್ಟಿದ್ದುದರಿಂದ ಮಿತ್ರರು ಗುಜರಿಯಿಂದ ಜೀಪಿನದೇ ಎಂದು ಒಂದು ಆಯಿಲ್ ಪಂಪನ್ನು ತಂದರು. ಮಿಸ್ತ್ರಿಗಳು ಹಳೆಯ ಪಂಪನ್ನೂ ತಂದ ಪಂಪನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲಿಸಿ, ಹಲ್ಲುಗಳ ಮೇಲೆ ಬೆರಳನ್ನು ಆಡಿಸಿದರು. ಒಂದರ ಓರೆಯು ಬಲಕ್ಕೆ, ಇನ್ನೊಂದರದು ಎಡಕ್ಕೆ. ‘ಇದು ಚೈನಿನ ಗಾಡಿಯದು ಸ್ವಾಮಿ, ಮಿಲಿಟರಿ ಜೀಪಿಂದು. ನಮ್ಮದಕ್ಕೆ ಆಗೋದಿಲ್ಲ’ ಎಂದು ಅದನ್ನು ಕಟ್ಟಿ ಹಿಂದಕ್ಕೆ ಕೊಟ್ಟರು. ಅವರ ಕೈಕೆಳಗಿದ್ದ ಹುಡುಗನು, ‘ಸ್ವಲ್ಪ ಉಜ್ಜಿ ಕೂರಿಸಬಹುದಲ್ಲವೇ ಯಜಮಾನ್ರೇ?’ ಎಂದು ಕೇಳಿದನು. ‘ಉಜ್ಜಿದರೆ ಹಲ್ಲು ಸವೆಯುತ್ತದೆ, ಓರೆ ಬದಲಾಗುತ್ತದೇನಪ್ಪ?’ ಎಂದು ಅವರು ನಕ್ಕರು. ಮೇಲೆ ನಾವು ಅಷ್ಟು ದೀರ್ಘವಾಗಿ ವಿವರಿಸಿದ ತತ್ತ್ವವನ್ನು, ಯಾವ ಕಾಲೇಜನ್ನೂ ಕಾಣದ ಆ ಹಿರಿಯರು ಬೆರಳ ತುದಿಯಿಂದ ಓದಿಬಿಟ್ಟರು. ವಿದ್ಯಾರ್ಥಿಗಳಿಗೆ ಇಪ್ಪತ್ತು ವರ್ಷ ಪಾಠ ಹೇಳಿದ ನಮಗೆ ಆ ದಿನ ಕೊಂಚ ನಾಚಿಕೆಯೂ ಆಯಿತೆಂದು ಒಪ್ಪಿಕೊಳ್ಳಬೇಕು.

ಆದರೆ ಅವರ ಜ್ಞಾನವು ಬೆರಳಿನಲ್ಲಿಯೇ ಇದೆ, ಕಾಗದದಲ್ಲಿಲ್ಲ. ಅಂಥ ಹಿರಿಯರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಅವರು ಸಾಣೆ ಹಿಡಿದ ಶಾಫ್ಟುಗಳು, ಬದಲಿಸಿದ ಪಂಪುಗಳು, ಹೊಂದಿಸಿದ ಅರಿಸಮಾಸಗಳು ಇನ್ನೂ ಓಡುತ್ತಿರುತ್ತವೆ. ಒಳಗೆ ಏನಿದೆಯೆಂದು ಬಲ್ಲವರು ಇರುವುದಿಲ್ಲ. ಓದುಬರಹ ಬಲ್ಲ ನಮ್ಮಂಥವರು ಅವರಿಗೆ ಮಾಡಬಹುದಾದ ಸಹಾಯವಿದ್ದರೆ ಅದು ಬರೆದಿಡುವುದು. ಯಾವ ಅಂಗವನ್ನು ಯಾವ ಮಾದರಿಯಿಂದ ತಂದುದು, ಯಾವ ಅಳತೆಗೆ ಕೊರೆದುದು, ಯಾವ ದಿನ ಹಾಕಿದುದು ಎಂಬ ಮೂರು ಸಾಲುಗಳು ಸಾಕು. ಮನೆಯ ಹಸುವಿಗೆ ಕರು ಹುಟ್ಟಿದ ದಿನವನ್ನು ಪಂಚಾಂಗದ ಅಂಚಿನಲ್ಲಿ ಬರೆದಿಡುವ ನಮಗೆ ಇದು ಕಷ್ಟವೇ?

ಹಳೆಯ ಬಂಡಿಗಳಿಗೆ ಬೇರೆ ಮಾದರಿಯ ಅಂಗಗಳನ್ನು ಕೂಡಿಸಬಾರದೆಂದು ನಾವು ಹೇಳುತ್ತಿಲ್ಲ. ಹಾಗೆ ಕೂಡಿಸದಿದ್ದರೆ ಅವುಗಳಲ್ಲಿ ಹೆಚ್ಚಿನವು ಎಂದೋ ತುಕ್ಕಿನ ಪಾಲಾಗುತ್ತಿದ್ದುವು. ಬಡವನಾದ ರೈತನಿಗೆ ಗುಜರಿಯ ಅಂಗಡಿಯೇ ಆಧಾರ. ಕೂಡಿಸುವ ಮೊದಲು ಅಳೆಯಬೇಕು, ಅದು ಯಾವ ಕಡೆಗೆ ತಿರುಗುವುದೆಂದು ನೋಡಬೇಕು, ಅದರ ನೆರೆಯವರನ್ನು ವಿಚಾರಿಸಬೇಕು. ಕೂಡಿಸಿದ ಮೇಲೆ ಬರೆದಿಡಬೇಕು. ನಮ್ಮ ವಿನಂತಿ ಇಷ್ಟೇ.

ಮಿತ್ರರ ಜೀಪು ಮತ್ತೆ ಓಡುತ್ತಿದೆ. ಅದರ ಬಾನೆಟ್ಟಿನ ಒಳಮೈಯಲ್ಲಿ ಒಂದು ತಗಡಿನ ಚೂರನ್ನು ತಿರುಪಿನಿಂದ ಕೂರಿಸಿದ್ದಾರೆ. ಅದರ ಮೇಲೆ ಮೊಳೆಯಿಂದ ಚುಚ್ಚಿ ಬರೆದ ಅಕ್ಷರಗಳು: ‘ಕ್ರ್ಯಾಂಕು ಇಪ್ಪತ್ತು. ಬೇರಿಂಗು ಇಪ್ಪತ್ತು. ಪಂಪು ಹಲ್ಲುಚಕ್ರದ್ದು.’ ಬರೆದವರು ಮಿತ್ರರು. ಹೇಳಿ ಬರೆಸಿದವರು ಮಿಸ್ತ್ರಿಗಳು. ಕಳೆದ ಬಾರಿ ನಾವು ಹೋದಾಗ ರೈಟರ ಮಗಳು ಅದೇ ಜೀಪಿನಲ್ಲಿ ಹಿಂದೆ ಕುಳಿತು ಶಾಲೆಗೆ ಹೋಗುತ್ತಿದ್ದಳು.